ಒಂದು ದಿನದ ಕಲೆಯೂ ದಾರಿಹೋಕರೂ

ಬೆಳಗಾಗುತ್ತಲೇ ಬಾಗಿಲ ಮುಂದಣ ನೆಲವನ್ನು ಸಾರಿಸಿ ರಂಗವಲ್ಲಿಯನ್ನು ಹಾಕುವ ರೂಢಿಯು ನಮ್ಮ ನಾಡಿನಲ್ಲಿ ಬಹು ಹಳೆಯದು. ಮಧ್ಯಾಹ್ನದೊಳಗಾಗಿ ಗಾಳಿಯೂ ನಡೆಯುವವರ ಕಾಲುಗಳೂ ಅದನ್ನು ಅಳಿಸಿಬಿಡುತ್ತವೆ. ಹಾಗಾಯಿತೆಂದು ಯಾವ ಗೃಹಿಣಿಯೂ ದುಃಖಿಸುವದಿಲ್ಲ. ಮರುದಿನ ಮತ್ತೆ ಹಾಕುತ್ತಾಳೆ. ಆದಕಾರಣ ಬೀದಿಯಲ್ಲಿ ಒಂದೇ ದಿನ ಬಾಳುವ ಅಲ್ಪ ಕಲೆಯು ಪರದೇಶದಿಂದ ಬಂದ ಹೊಸ ಸಂಗತಿಯೆಂಬ ಮಾತನ್ನು ನಾವು ಒಪ್ಪಲಾರೆವು. ಆದರೆ ರಂಗವಲ್ಲಿಯನ್ನು ಹಾಕಿದವಳು ಒಳಕ್ಕೆ ಹೋಗಿಬಿಡುತ್ತಾಳೆ, ನೋಡುವವರು ದಾಟಿ ಹೋಗುತ್ತಾರೆ, ಇವರಿಬ್ಬರೊಳಗೆ ಮಾತುಕತೆಯಿಲ್ಲ. ಮಾಡಿದವರೂ ನೋಡಿದವರೂ ದಾರಿಯಲ್ಲಿಯೇ ಎದುರಾಗಿ ಮಾತಾಡಬೇಕೆಂಬದೇ ನಾವು ಇಲ್ಲಿ ಮಂಡಿಸುವ ಅಭಿಪ್ರಾಯವು.

ನಮ್ಮ ಜಿಲ್ಲೆಯ ಸಾಗರದ ಕಡೆಯಲ್ಲಿ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರವನ್ನು ವಾಚಕರು ಬಲ್ಲರು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯ ಗೆರೆಗಳನ್ನು ಪುಂಡಿನಾರಿನ ಕುಂಚದಿಂದ ಎಳೆಯುತ್ತಾರೆ. ಭೂಮಿ ಹುಣ್ಣಿಮೆಗೆ ಅದೇ ಕೈಗಳು ಭೂಮಣ್ಣಿ ಬುಟ್ಟಿಯನ್ನು ಚಿತ್ತಾರದಿಂದ ಸಿಂಗರಿಸುತ್ತವೆ. ಆ ಬುಟ್ಟಿಯಲ್ಲಿ ಎಡೆಯನ್ನು ಹೊತ್ತು ಗದ್ದೆಗೆ ನಡೆಯುತ್ತಾರೆ. ಗೋಡೆಯ ಕಲೆಯು ಹೀಗೆ ವರ್ಷಕ್ಕೊಮ್ಮೆಯಾದರೂ ಮನೆಯಿಂದ ಹೊರಟು ದಾರಿಯನ್ನು ಕಾಣುತ್ತದೆ.

ಹೊರಗಿನ ನಿದರ್ಶನಗಳೂ ಉಂಟು. ಲಂಡನ್ ನಗರದಲ್ಲಿ ಸ್ಲಿಂಕಾಚು ಎಂಬ ಹೆಸರಿನ ಕಲಾವಿದನು ಆಟದ ರೈಲುಗಳೊಂದಿಗೆ ಬರುವ ಪುಟ್ಟ ಮನುಷ್ಯಾಕೃತಿಗಳನ್ನು ತಿದ್ದಿ, ಬಣ್ಣ ಹಾಕಿ, 2006ರಿಂದ ಬೀದಿಗಳಲ್ಲಿಟ್ಟು, ಛಾಯಾಚಿತ್ರ ತೆಗೆದು, ಅಲ್ಲಿಯೇ ಬಿಟ್ಟುಹೋಗುವ ಪದ್ಧತಿಯನ್ನು ನಡಿಸಿದನು. ನಮ್ಮ ಬೆಂಗಳೂರಿನಲ್ಲಿ ಬಾದಲ್ ನಂಜುಂಡಸ್ವಾಮಿಯವರು 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯ ನೀರಿನಲ್ಲಿ ಮೊಸಳೆಯ ಆಕೃತಿಯನ್ನು ಇಟ್ಟರು. 2019ರಲ್ಲಿ ಹೇರೋಹಳ್ಳಿಯ ಕಡೆ ಹಾಳಾದ ರಸ್ತೆಯ ಮೇಲೆ ಗಗನಯಾತ್ರಿಯ ಉಡುಪು ಧರಿಸಿದ ನಟನೊಬ್ಬನನ್ನು ಚಂದ್ರಲೋಕದಲ್ಲೋ ಎಂಬಂತೆ ನಡೆಯಿಸಿದರು. ಜನರು ನಕ್ಕರು, ನಕ್ಕವರು ಗುಂಡಿಯನ್ನೂ ನೋಡಿದರು, ದುರಸ್ತಿಯೂ ನಡೆಯಿತು. ದಿನಾಲು ತುಳಿದು ಹೋಗುತ್ತಿದ್ದದ್ದನ್ನು ನಿಂತು ನೋಡುವಂತೆ ಮಾಡಿದ್ದೇ ಆ ಕಲೆಯ ಬಲವು.

ಮೊಸಳೆಯನ್ನು ಮಾಡುವ ಶಕ್ತಿಯಾಗಲಿ ಹಣವಾಗಲಿ ನಮ್ಮ ವಿದ್ಯಾರ್ಥಿನಿಯರಿಗೆ ಇಲ್ಲ, ಬೇಕಾಗಿಯೂ ಇಲ್ಲ. ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ತ್ಯಾವರೆಕೊಪ್ಪವಿದೆ. ಅಲ್ಲಿ 1988ರಲ್ಲಿ ತೆರೆದ ಹುಲಿ ಸಿಂಹಗಳ ಧಾಮವನ್ನು ನೋಡಲಿಕ್ಕೆ ಊರೂರಿನ ಜನರು ಬರುತ್ತಾರೆ. ಸಿಂಹವನ್ನು ಕಾಣಬೇಕೆಂದು ಬಂದವರ ಕಣ್ಣಿಗೆ ತಮ್ಮ ಕೈಯಿಂದಲೇ ಬಿದ್ದ ತಿಂಡಿಯ ಪೊಟ್ಟಣವು ಕಾಣುವದು ಅಪರೂಪ. ಧಾಮದ ಹೊರಗೆ, ಬಸ್ಸಿಗಾಗಿ ಕಾಯುವವರ ಕಾಲ ಬಳಿ, ಜೇಡಿಮಣ್ಣಿನಿಂದ ಬೆರಳುದ್ದದ ಒಂದು ಜಿಂಕೆಯನ್ನು ಮಾಡಿ, ಅಡಿಕೆ ಹಾಳೆಯ ತುಂಡಿನ ಮೇಲೆ ನಿಲ್ಲಿಸಿ, ಅದರ ಬಾಯಿಯ ಮುಂದೆ ಅಲ್ಲಿಯೇ ಬಿದ್ದಿರುವ ಪ್ಲಾಸ್ಟಿಕ್ ಚೂರೊಂದನ್ನು ಇಟ್ಟರೆ ಸಾಕು. ಯಾವ ಫಲಕವೂ ಬೇಡ, ಯಾವ ಉಪದೇಶವೂ ಬೇಡ. ಯಾರಾದರೂ ಅಜ್ಜಿಯು ಬಗ್ಗಿ ನೋಡಿ "ಇದೆಂಥದು ಮಗಾ?" ಎಂದು ಕೇಳುವಳು. ಅಲ್ಲಿಂದಲೇ ಕೆಲಸವು ಆರಂಭವಾಗುವದು.

ಹೆಣ್ಣುಮಕ್ಕಳು ರಸ್ತೆಯ ಬದಿಯಲ್ಲಿ ನಿಂತು ಕಂಡವರೊಡನೆ ಮಾತಾಡುವದು ತಕ್ಕದ್ದೇ ಎಂದು ಕೆಲವು ಹಿರಿಯರು ಕೇಳುವರು. ಅವರ ಚಿಂತೆಯನ್ನು ನಾವು ಹಗುರವಾಗಿ ಎಣಿಸುವದಿಲ್ಲ. ನಾಲ್ಕೈದು ಮಂದಿ ಕೂಡಿ, ಉಪಾಧ್ಯಾಯಿನಿಯೊಬ್ಬರ ಸಂಗಡ, ಹಗಲಿನಲ್ಲಿಯೇ ಹೋಗಲಿ. ಆದರೆ ಹೋಗಲೇ ಬಾರದೆಂಬದಕ್ಕೆ ನಮ್ಮ ಸಮ್ಮತಿಯಿಲ್ಲ. ಬಾಗಿಲ ಮುಂದೆ ಚಿತ್ರ ಬರೆಯುವ ಕೈಯನ್ನು ಹೊಗಳಿ, ಅದೇ ಕೈ ಊರಿನ ವಿಷಯದಲ್ಲಿ ಒಂದು ಮಾತು ಹೇಳಹೊರಟಾಗ ತಡೆಯುವದು ನ್ಯಾಯವಲ್ಲ. ತರಗತಿಯಲ್ಲಿ ಉತ್ತರ ಹೇಳಿದರೆ ಅಂಕ ದೊರೆಯುವದು. ಅಪರಿಚಿತನ ಪ್ರಶ್ನೆಗೆ ಮರ್ಯಾದೆಯಿಂದಲೂ ಧೈರ್ಯದಿಂದಲೂ ಉತ್ತರ ಹೇಳುವ ಅಭ್ಯಾಸವು ದಾರಿಯಲ್ಲಿ ಮಾತ್ರವೇ ದೊರೆಯುವದು. ಒಬ್ಬನು ಜಿಂಕೆಯನ್ನು ಕುರಿಯೆನ್ನಬಹುದು, ಮತ್ತೊಬ್ಬನು ಹಾಸ್ಯಮಾಡಬಹುದು, ಇನ್ನೊಬ್ಬನು ಕಸದ ಬುಟ್ಟಿ ಎಲ್ಲಿದೆಯೆಂದು ತಿರುಗಿ ಕೇಳಬಹುದು. ಈ ಕಡೆಯ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲದಿದ್ದರೆ ಕಲಿಯತಕ್ಕವರು ನಾವೇ ಹೊರತು ಅವನಲ್ಲ.

ಇದಕ್ಕೆ ಮೂರು ನಿಯಮಗಳನ್ನು ಇಟ್ಟುಕೊಳ್ಳಬೇಕೆಂದು ತೋರುತ್ತದೆ. ಮೊದಲನೆಯದು, ವಾಹನಕ್ಕಾಗಲಿ ನಡೆಯುವವರಿಗಾಗಲಿ ಪ್ರಾಣಿಗಳಿಗಾಗಲಿ ಅದರಿಂದ ಅಡ್ಡಿಯಾಗಬಾರದು; ಸ್ಥಳಕ್ಕೆ ಸಂಬಂಧಪಟ್ಟವರ ಅಪ್ಪಣೆಯನ್ನೂ ಪಡೆಯಬೇಕು. ಎರಡನೆಯದು, ಮಳೆಗೆ ಕರಗುವ ಪದಾರ್ಥಗಳಿಂದಲೇ ಮಾಡಿ, ಹೊರಡುವಾಗ ಉಳಿದದ್ದನ್ನು ನಾವೇ ಎತ್ತಬೇಕು. ಕಸದ ವಿಷಯ ಹೇಳಬಂದವರು ಕಸ ಬಿಟ್ಟುಹೋಗುವದು ನಾಚಿಕೆಗೇಡು. ಮೂರನೆಯದೇ ಮುಖ್ಯವಾದದ್ದು: ಇಟ್ಟು ಓಡಿಹೋಗದೆ ಹತ್ತಿರದಲ್ಲಿಯೇ ನಿಲ್ಲಬೇಕು.

ಒಂದು ಮಣ್ಣಿನ ಜಿಂಕೆಯಿಂದ ರಸ್ತೆಯೆಲ್ಲಾ ಶುದ್ಧವಾಗುವದೆಂದು ನಾವು ಹೇಳುವದಿಲ್ಲ. ಸಂಜೆಯ ಮಳೆಗೆ ಅದು ಕರಗಿಹೋಗುವದು. ಮಾರನೆಯ ದಿನ ಪೊಟ್ಟಣಗಳು ಮತ್ತೆ ಬೀಳುವವು. ಹಾಗಿದ್ದಾಗ್ಯೂ ರಂಗವಲ್ಲಿಯನ್ನು ಮರುದಿನ ಮತ್ತೆ ಹಾಕುವ ತಾಯಂದಿರ ಮಕ್ಕಳಾದ ನಮಗೆ ಇದು ಹೊಸ ಪಾಠವಲ್ಲ. ಸೋದರಿಯರೇ, ಬರುವ ರಜೆಯಲ್ಲಿ ಒಂದು ಹಿಡಿ ಮಣ್ಣನ್ನು ಕೈಗೆ ತೆಗೆದುಕೊಳ್ಳಿರಿ, ಮಾಡಿರಿ, ಮಾಡಿದ್ದರ ಬಳಿಯಲ್ಲಿ ನಿಲ್ಲಿರಿ.