ಕೆಂಪು ಗೆರೆಯ ಮುಂಡರಗಿ ಲೈನ್

"ಟೀಮ್ ಲೀಡ್ ಆಗಿ ಮೂರು ತಿಂಗಳಾಯ್ತು. ಟಾರ್ಗೆಟ್ ಹೇಗೆ ಇಡೋದು ಅಂತ ಒಮ್ಮೆ ಬರೀರಿ" ಅಂತ ಓದುಗರೊಬ್ಬರು ಕೇಳಿದ್ದಾರೆ. ಟಾರ್ಗೆಟ್ ಹೇಗೆ ಇಡಬೇಕು ಅಂತ ಹೇಳುವಷ್ಟು ದೊಡ್ಡವನು ನಾನಲ್ಲ. ಹೇಗೆ ಇಡಬಾರದು ಅನ್ನೋದು ಮಾತ್ರ ಚೆನ್ನಾಗಿ ಗೊತ್ತು. ಅದನ್ನು ಕಲಿಯೋಕೆ ಫೀ ಕಟ್ಟಿದ್ದೇನೆ.

ಗದಗಿನಲ್ಲಿ ನಮ್ಮದೊಂದು ಏಜೆನ್ಸಿ ಇದೆ. ಸಾಬೂನು, ಬಿಸ್ಕೀಟು, ಚಹಾಪುಡಿ, ಪೇಸ್ಟು ಕಂಪನಿಯಿಂದ ತರಿಸಿ ಕಿರಾಣಿ ಅಂಗಡಿಗಳಿಗೆ ಹಾಕೋ ಕೆಲಸ. ಅಪ್ಪ ಕಟ್ಟಿದ್ದು. ನಾನು ಬೆಂಗಳೂರಿನಲ್ಲಿ ಆರು ವರ್ಷ ಕಂಪನಿ ಕೆಲಸ ಮಾಡಿ, ಅಪ್ಪನ ಎದೆಗೆ ಸ್ಟೆಂಟ್ ಹಾಕಿದ ಮೇಲೆ ಊರಿಗೆ ಬಂದವನು. ನಮ್ಮದು ನಾಲ್ಕು ಲೈನ್: ಗದಗ-ಬೆಟಗೇರಿ ಸಿಟಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಲೈನಿಗೊಬ್ಬ ಸೇಲ್ಸ್‌ಮನ್. ಮುಂಡರಗಿ ಲೈನ್ ನೋಡುತ್ತಿದ್ದವರು ಕಾಕಾ. ಸಂಬಂಧದಲ್ಲಿ ಕಾಕಾ ಅಲ್ಲ. ಅಪ್ಪನ ಜೊತೆ ಇಪ್ಪತ್ತೆರಡು ವರ್ಷ ದುಡಿದವರು, ನಾನು ಚಡ್ಡಿ ಹಾಕಿಕೊಂಡು ಗೋಡೌನಿನಲ್ಲಿ ಓಡಾಡುವಾಗಿನಿಂದ ಹಾಗೇ ಕರೆದಿದ್ದು.

2023ರ ಏಪ್ರಿಲ್‌ನಲ್ಲಿ ನಾನು ಎಕ್ಸೆಲ್ ತೆರೆದೆ. ನಾಲ್ಕು ಲೈನಿಗೂ ತಿಂಗಳಿಗೆ ಇಷ್ಟು ಸೇಲ್, ಹಿಂದಿನ ವರ್ಷದ ಇದೇ ತಿಂಗಳಿಗಿಂತ 15% ಜಾಸ್ತಿ. ಮುಟ್ಟಿದರೆ ಹಸಿರು, ಮುಟ್ಟದಿದ್ದರೆ ಕೆಂಪು. ಬೆಂಗಳೂರಿನಲ್ಲಿ ನಮಗೆ ಸ್ಮಾರ್ಟ್ ಗೋಲ್ ಅಂತ ಹೇಳಿಕೊಡುತ್ತಿದ್ದರಲ್ಲ, 1981ರಲ್ಲಿ ಜಾರ್ಜ್ ಡೋರನ್ ಒಂದು ಪುಟ್ಟ ಲೇಖನದಲ್ಲಿ ಬರೆದಿದ್ದು, ಆ ಐದೂ ಅಕ್ಷರಕ್ಕೆ ನನ್ನ ಶೀಟ್ ಪಾಸ್. ಸ್ಪಷ್ಟ ಇದೆ, ಅಳೆಯಬಹುದು, ಯಾರ ಕೆಲಸ ಅಂತ ಬರೆದಿದೆ, ತಾರೀಕಿದೆ. ಆಗುವಂಥದ್ದೋ ಅಂತ ಮಾತ್ರ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಜೂನ್ 30ರ ರಾತ್ರಿ ಗೋಡೌನಿನಲ್ಲಿ ಮೀಟಿಂಗ್. ಬಿಸ್ಕೀಟ್ ಬಾಕ್ಸುಗಳ ಮೇಲೆ ಲ್ಯಾಪ್‌ಟಾಪ್. ಮೂರು ಲೈನ್ ಹಸಿರು, ಮುಂಡರಗಿ ಕೆಂಪು. ಅದೂ ಸತತ ಮೂರನೇ ತಿಂಗಳು.

"ತಮ್ಮಾ, ಮಳಿ ಇಲ್ಲ. ಬಿತ್ತಿಗಿ ಆಗಿಲ್ಲ. ಅಂಗಡಿಯಾಂವ ತಾನ ಊರ ಮಂದಿಗೆಲ್ಲ ಉದ್ರಿ ಕೊಟ್ಟು ಕುಂತಾನ. ಈಗ ಮಾಲು ಹಾಕಿದ್ರ ಅಂವಗೂ ತ್ರಾಸು, ನಮಗೂ ತ್ರಾಸು" ಅಂದರು ಕಾಕಾ.

"ಮಳಿ ನಾಕೂ ಲೈನಿಗೆ ಇಲ್ಲ ಕಾಕಾ. ಉಳಿದವರೆಲ್ಲ ಹೆಂಗ ಮಾಡ್ಯಾರ?" ಅಂದೆ. ಹುಡುಗರ ಎದುರಿಗೇ ಅಂದೆ. ಅವರ ಅರ್ಧ ವಯಸ್ಸಿನ ಹುಡುಗರು ಅವರು.

ಮರುದಿನ ಬೆಳಿಗ್ಗೆ ಗಾಡಿ ಕೀಲಿ, ಬಿಲ್ ಬುಕ್ಕು, ಒಂದು ಸಣ್ಣ ಡೈರಿ ಮೇಜಿನ ಮೇಲಿಟ್ಟರು. "ಡೈರಿ ಅಂಗಡೀದು, ನಂದಲ್ಲ. ಅಪ್ಪಾರಿಗೆ ನಾ ಆಮ್ಯಾಲ ಫೋನ್ ಮಾಡ್ತೀನಿ" ಅಂದು ಹೋದರು. ನನಗೆ ಒಳಗೊಳಗೇ ಹಗುರ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆ ಲೈನಿಗೆ ಒಬ್ಬ ಚುರುಕು ಹುಡುಗನನ್ನು ಹಾಕಿದೆ. ಜುಲೈನಲ್ಲಿ ಮುಂಡರಗಿಯೂ ಹಸಿರಾಯಿತು. ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಹಸಿರು ಹೇಗಾಗುತ್ತಿತ್ತು ಅಂತ ನನಗೆ ಗೊತ್ತಾಗಿದ್ದು ಸೆಪ್ಟೆಂಬರ್‌ನಲ್ಲಿ. ತಿಂಗಳ ಕೊನೆಯ ಮೂರು ದಿನ ಹುಡುಗರು ಅಂಗಡಿಗೆ ಹೋಗಿ, "ಬಿಲ್ ಆಗ್ಲಿ ಬಿಡ್ರಿ, ರೊಕ್ಕ ಯಾವಾಗರ ಕೊಡ್ರಿ, ಹೋಗದಿದ್ರ ವಾಪಸ್ ಒಯ್ತೀನಿ" ಅಂತ ಮಾಲು ಇಳಿಸಿ ಬರುತ್ತಿದ್ದರು. 30ನೇ ತಾರೀಕಿಗೆ ಟಾರ್ಗೆಟ್ ಮುಟ್ಟುತ್ತಿತ್ತು. ಮುಂದಿನ ತಿಂಗಳು 10ರೊಳಗೆ ಅರ್ಧ ಮಾಲು ಅದೇ ಗಾಡಿಯಲ್ಲಿ ವಾಪಸ್. ಅದರಲ್ಲಿ ಡೇಟ್ ಮುಗಿಯುತ್ತಾ ಬಂದ ಬಿಸ್ಕೀಟು ಬೇರೆ. ಹುಡುಗರು ಮೋಸ ಮಾಡಿದರು ಅಂತ ನಾನು ಹೇಳೋದಿಲ್ಲ. ನಾನು ಬಿಲ್ ಕೇಳಿದೆ, ಅವರು ಬಿಲ್ ತಂದುಕೊಟ್ಟರು.

ನಮ್ಮಂಥ ವ್ಯಾಪಾರದಲ್ಲಿ ಇದರ ಲೆಕ್ಕ ಎಷ್ಟು ನಿರ್ದಯ ಅಂತ ಸ್ವಲ್ಪ ನೋಡಿ. 1 ಲಕ್ಷದ ಮಾಲು ಹಾಕಿದರೆ ನಮಗೆ ಸಿಗೋದು 5 ಸಾವಿರದ ಆಸುಪಾಸು. ಡೀಸೆಲ್, ಪಗಾರ, ಗೋಡೌನ್ ಬಾಡಿಗೆ ಎಲ್ಲಾ ಅದರಲ್ಲೇ. ಕಂಪನಿಗೆ ನಾವು ಮೊದಲೇ ದುಡ್ಡು ಕಟ್ಟಿರುತ್ತೇವೆ, ಅದೂ ಬ್ಯಾಂಕಿನ ಓಡಿಯಿಂದ. 12% ಬಡ್ಡಿ ಅಂದರೆ 1 ಲಕ್ಷ ಹೊರಗಿದ್ದ ಪ್ರತಿ ತಿಂಗಳಿಗೆ 1 ಸಾವಿರ. ಮೂರು ತಿಂಗಳು ಉದ್ರಿ ನಿಂತರೆ ಐದರಲ್ಲಿ ಮೂರು ಸಾವಿರ ಬ್ಯಾಂಕಿಗೆ. ಇನ್ನು ಒಂದು ಅಂಗಡಿ 20 ಸಾವಿರ ಬಾಕಿ ಇಟ್ಟು ಬಾಗಿಲು ಹಾಕಿತು ಅನ್ನಿ, ಆ 20 ಸಾವಿರ ಮರಳಿ ದುಡಿಯೋಕೆ 4 ಲಕ್ಷದ ಮಾಲು ಹೊಸದಾಗಿ ಮಾರಬೇಕು. ಖರ್ಚನ್ನು ಹಿಡಿಯದೇ ಹೇಳುತ್ತಿದ್ದೇನೆ.

ಆ ವರ್ಷ ಆಗಸ್ಟ್‌ನಲ್ಲಿ ಮಳೆ ಪೂರ್ತಿ ಕೈಕೊಟ್ಟಿತು. ರಾಜ್ಯದ 200ಕ್ಕೂ ಹೆಚ್ಚು ತಾಲೂಕುಗಳನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು. ನಮ್ಮ ಕಡೆ ಮುಂಗಾರಿನಲ್ಲಿ ರೈತನ ಕೈಗೆ ಮೊದಲು ರೊಕ್ಕ ಬರೋದು ಹೆಸರಿನಿಂದ. ಹೆಸರು ಮಾರಿ ಅಂಗಡಿ ಬಾಕಿ ತೀರಿಸುತ್ತಾರೆ, ಅಂಗಡಿಯವರು ನಮ್ಮ ಬಾಕಿ ತೀರಿಸುತ್ತಾರೆ. ಹೆಸರು ಹೋಯಿತು ಅಂದರೆ ಆ ಸರಪಳಿಯ ಮೊದಲ ಕೊಂಡಿಯೇ ಹೋದಂಗೆ. ಅಕ್ಟೋಬರ್‌ನಲ್ಲಿ, ದಸರಾ ದೀಪಾವಳಿ ಅಂತ ವರ್ಷದಲ್ಲೇ ಜೋರು ವ್ಯಾಪಾರ ಇರೋ ಹೊತ್ತಿಗೆ, ನಮ್ಮ ಓಡಿ ತುಂಬಿ ಕಂಪನಿಗೆ ಆರ್ಡರ್ ಹಾಕೋಕೆ ದುಡ್ಡಿಲ್ಲ. ಅವ್ವ ಏನೂ ಮಾತಾಡದೆ ಕಪಾಟಿನಿಂದ ಬಂಗಾರ ತೆಗೆದುಕೊಟ್ಟಳು. ಬ್ಯಾಂಕಿನಲ್ಲಿ ಅದನ್ನು ತೂಕಕ್ಕೆ ಹಾಕುವಾಗ ನಾನು ಬೇರೆ ಕಡೆ ನೋಡುತ್ತಾ ನಿಂತಿದ್ದೆ.

ಅವತ್ತು ರಾತ್ರಿ ಕಾಕಾನ ಡೈರಿ ತೆಗೆದೆ. ನಾಲ್ಕು ತಿಂಗಳಿಂದ ಡ್ರಾಯರ್‌ನಲ್ಲಿ ಬಿದ್ದಿತ್ತು. ಅಂಗಡಿಗೊಂದು ಪುಟ. ಎಡಕ್ಕೆ ಮಾಲು, ಬಲಕ್ಕೆ ವಸೂಲಿ, ಕೆಳಗೆ ಸಣ್ಣ ಅಕ್ಷರದಲ್ಲಿ ಟಿಪ್ಪಣಿ. "ಮಗಳ ಬಾಣಂತನ, ಪಂಚಮಿ ಆಗೂತನಕ ಕೇಳಬಾರದು." "ಸೋಮವಾರ ಚೀಟಿ ಕಟ್ತಾನ, ಮಂಗಳವಾರ ಹೋಗಿ ಉಪಯೋಗಿಲ್ಲ." "ಹೆಸರು ಬಂದ ಮ್ಯಾಲ ಎರಡು ಬಾಕ್ಸ್ ಜಾಸ್ತಿ ಹಿಡೀತಾನ." "ಇವರಿಗೆ 8 ಸಾವಿರದ ಮ್ಯಾಲ ಮಾಲು ಬ್ಯಾಡ, ಒಳ್ಳೇ ಮನಶ್ಯಾ, ಇಲ್ಲ ಅನ್ನಾಕ ಬರೂದಿಲ್ಲ." ಈ ಕೊನೆಯದನ್ನು ನಾನು ಎರಡು ಸಲ ಓದಿದೆ. ಯಾಕೆಂದರೆ ಆ ಅಂಗಡಿಗೆ ನಮ್ಮ ಚುರುಕು ಹುಡುಗ 31 ಸಾವಿರದ ಮಾಲು ಹಾಕಿ ಬಂದಿದ್ದ. ಕಾಕಾ ಬಿಡುವಾಗ ಅವರ ಲೈನಿನಲ್ಲಿ ತಿಂಗಳು ದಾಟಿದ ಬಾಕಿ ಇದ್ದದ್ದು ಎರಡೇ ಅಂಗಡಿಯದು.

ಮರುದಿನ ಬೆಟಗೇರಿಯ ಅವರ ಮನೆಗೆ ಹೋದೆ. ಓಣಿಯಲ್ಲಿ ಮಗ್ಗದ ಸದ್ದು. ಕಾಕಿ ಚಹಾ ಕೊಟ್ಟರು.

"ವಾಪಸ್ ಕರಿಯಾಕ ಬಂದೀಯೇನು?"

"ಹೂಂ ಕಾಕಾ."

"ಬರಾಕ ಆಗೂದಿಲ್ಲಪಾ. ಸಿಟ್ಟಿಲ್ಲ. ಬ್ಯಾರೆ ಏಜೆನ್ಸಿಯವ್ರಿಗೆ ಮಾತು ಕೊಟ್ಟೀನಿ." ಆಮೇಲೆ ಸ್ವಲ್ಪ ತಡೆದು ಹೇಳಿದರು, "ಅಪ್ಪಾರು ಸಂಜಿಕ ಬಂದ ಕೂಡ್ಲೆ ಎಷ್ಟ ಬಂತು ಅಂತ ಕೇಳತಿದ್ರು. ನೀ ಎಷ್ಟ ಹೋತು ಅಂತ ಕೇಳತಿದ್ದಿ. ಅಷ್ಟ ಫರಕು."

ಮನೆಗೆ ಬಂದು ಅಪ್ಪನಿಗೆ ಇದನ್ನು ಹೇಳಿದಾಗ ಅವರು ನಕ್ಕು, "ಮಗ್ಗಲ ಊರು ಕಣಗಿನಹಾಳದಾಗ ಗೌಡ್ರು ಇದನ್ನ ನೂರು ವರ್ಷದ ಹಿಂದನ ಮಾಡಿ ತೋರಿಸ್ಯಾರ, ನೀ ಬೆಂಗಳೂರಿಗೆ ಹೋಗಿ ಕಲತು ಬಂದಿ" ಅಂದರು. ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ದೆವಲ್ಲ: ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ, 1905, ಕಣಗಿನಹಾಳ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲ. ಅದರಾಚೆ ನನಗೆ ಏನೂ ಗೊತ್ತಿರಲಿಲ್ಲ. ಆಮೇಲೆ ಕೂತು ಓದಿದೆ. ಅದು ಹುಟ್ಟಿದ್ದು 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯ ಕೆಳಗೆ. ಆ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಎರಡು ನಿಯಮ ಇದ್ದವು, ಇವತ್ತಿನ ಸ್ಟಾರ್ಟಪ್‌ನವರು ಕೇಳಿದರೆ ಬೆವರುತ್ತಾರೆ. ಒಂದು, ಹೊಣೆಗಾರಿಕೆಗೆ ಮಿತಿ ಇಲ್ಲ. ಸಂಘ ಮುಳುಗಿದರೆ ಸದಸ್ಯರೆಲ್ಲರೂ ತಮ್ಮ ಆಸ್ತಿಯಿಂದ ಸಾಲ ತೀರಿಸಬೇಕು. ಇನ್ನೊಂದು, ಲಾಭವನ್ನು ಹಂಚಿಕೊಳ್ಳುವ ಮುಂಚೆ ಮೀಸಲು ನಿಧಿ ಬೆಳೆಯಬೇಕು.

ಯೋಚನೆ ಮಾಡಿ. ಪಕ್ಕದ ಮನೆಯವನು ಸಾಲ ಕಟ್ಟದಿದ್ದರೆ ನನ್ನ ಹೊಲಕ್ಕೆ ಬರುತ್ತದೆ ಅಂದರೆ, ಸಂಘ ಎಷ್ಟು ಸಾಲ ಕೊಟ್ಟಿತು ಅಂತ ಯಾರಾದರೂ ಎದೆ ಉಬ್ಬಿಸುತ್ತಾರಾ? ಅವನ ಬೆಳೆ ಏನು, ಯಾವಾಗ ಕೈಗೆ ಬರುತ್ತೆ, ಮನೆಯಲ್ಲಿ ಮದುವೆ ಇದೆಯಾ, ಎಲ್ಲಾ ನೋಡಿಯೇ ಕೈ ಎತ್ತುತ್ತಾರೆ. ಕಾಕಾನ ಡೈರಿಯಲ್ಲಿ ಇದ್ದದ್ದು ಇದೇ. ಗುರಿ ಇಟ್ಟವನಿಗೆ ಅದು ತಪ್ಪಿದಾಗ ಬಿಸಿ ತಟ್ಟಬೇಕು. ನನ್ನ ಎಕ್ಸೆಲ್‌ನಲ್ಲಿ ಬಿಸಿ ತಟ್ಟಿದ್ದು ಅವ್ವನ ಬಂಗಾರಕ್ಕೆ.

2024ರ ಜನವರಿಯಿಂದ ಶೀಟ್ ಬದಲಾಯಿತು. ಸೇಲ್ ಕಾಲಮ್ ಇನ್ನೂ ಇದೆ, ಆದರೆ ಬಲಗಡೆ ಮೂಲೆಯಲ್ಲಿ. ಮೊದಲ ಕಾಲಮ್ ವಸೂಲಿ. ಕಮಿಷನ್ ಲೆಕ್ಕ ಬಿಲ್ ಮೇಲಲ್ಲ, ಬಂದ ರೊಕ್ಕದ ಮೇಲೆ, ಅದೂ 30 ದಿನದೊಳಗೆ ಬಂದಿದ್ದರೆ ಪೂರ್ತಿ, ಆಮೇಲೆ ಬಂದರೆ ಅರ್ಧ. ಹಳೇ ಬಿಲ್ ಮುಗಿಯದೆ ಹೊಸ ಬಿಲ್ ಇಲ್ಲ. ಇದೊಂದು ನಿಯಮ ಹಾಕಿದ ತಿಂಗಳು ಸೇಲ್ ಧಡಕ್ಕನೆ ಬಿತ್ತು. ಕಂಪನಿಯ ಏರಿಯಾ ಮ್ಯಾನೇಜರ್ ಫೋನ್ ಮೇಲೆ ಫೋನ್. ಒಂದು ಕ್ವಾರ್ಟರ್‌ನ ಸ್ಕೀಮ್ ದುಡ್ಡು ಕಳಕೊಂಡೆವು. ಇಂಥ ಬದಲಾವಣೆ ಪುಕ್ಕಟೆ ಆಗೋದಿಲ್ಲ. ನೀವು ಮಾಡುವುದಿದ್ದರೆ ಮೇಲಿನವರಿಗೆ ಮೊದಲೇ ಹೇಳಿಟ್ಟುಕೊಳ್ಳಿ. ನಾನು ಹೇಳಿರಲಿಲ್ಲ, ಅದಕ್ಕೇ ಜಾಸ್ತಿ ಬೈಸಿಕೊಂಡೆ.

ತಿಂಗಳ ಲೆಕ್ಕವನ್ನೂ ಬಿಟ್ಟೆವು. ಹಳ್ಳಿ ಲೈನುಗಳಿಗೆ ವರ್ಷವನ್ನು ಬೆಳೆ ಪ್ರಕಾರ ಮುರಿದೆವು. ಜೂನ್-ಜುಲೈ ರೈತರ ರೊಕ್ಕ ಬೀಜ ಗೊಬ್ಬರಕ್ಕೆ ಹೋಗೋ ಕಾಲ, ಟಾರ್ಗೆಟ್ ಕಡಿಮೆ. ಹೆಸರು ಬಂದ ಮೇಲೆ ಸೆಪ್ಟೆಂಬರ್‌ನಲ್ಲಿ ಏರಿಕೆ. ಮತ್ತೆ ಕಡಲೆ, ಮೆಣಸಿನಕಾಯಿ ಮಾರುವ ಫೆಬ್ರವರಿ-ಮಾರ್ಚ್‌ನಲ್ಲಿ ಏರಿಕೆ. ಸಿಟಿ ಲೈನ್ ಬೇರೆ, ಅಲ್ಲಿ ಪಗಾರದವರು, ಮಜೂರಿಯವರು ಜಾಸ್ತಿ, ತಿಂಗಳ ಲೆಕ್ಕವೇ ನಡೆಯುತ್ತೆ. ನೀವು ಸಾಫ್ಟ್‌ವೇರ್ ಟೀಮ್ ನಡೆಸುವವರಾದರೆ ಹೆಸರು ಕಡಲೆ ನಿಮಗೆ ಸಂಬಂಧ ಇಲ್ಲ ಅನ್ನಬೇಡಿ. ನಿಮ್ಮ ಕ್ಲೈಂಟ್‌ಗೂ ಒಂದು ಸುಗ್ಗಿ ಇರುತ್ತೆ, ಬಜೆಟ್ ಪಾಸಾಗೋ ತಿಂಗಳು. ಅದು ಯಾವುದು ಅಂತ ನಿಮ್ಮ ಟೀಮಿನಲ್ಲಿ ಯಾರಿಗೋ ಒಬ್ಬರಿಗೆ ಗೊತ್ತಿರುತ್ತೆ. ಬಹುಶಃ ಕೆಂಪು ಗೆರೆಯಲ್ಲಿ ಇರುವವರಿಗೇ.

ಅಂಕಿ ಯಾರು ಹೇಳೋದು ಅನ್ನೋದೂ ಬದಲಾಯಿತು. ಪೀಟರ್ ಡ್ರಕರ್ 1954ರಲ್ಲಿ ಗುರಿ ಇಟ್ಟು ಕೆಲಸ ನಡೆಸೋ ಪದ್ಧತಿ ಬಗ್ಗೆ ಬರೆದಾಗ ಅದರ ಜೊತೆಗೇ 'ಸ್ವಯಂ ನಿಯಂತ್ರಣ' ಅನ್ನೋ ಮಾತನ್ನೂ ಸೇರಿಸಿದ್ದರು. ಕೆಲಸ ಮಾಡುವವನು ತನ್ನ ಅಳತೆಯನ್ನು ತಾನೇ ಹಿಡಿದು ನೋಡಿಕೊಳ್ಳಬೇಕು ಅಂತ. ನಾವೆಲ್ಲ ಮೊದಲ ಅರ್ಧ ಇಟ್ಟುಕೊಂಡು ಎರಡನೇ ಅರ್ಧ ಬಿಟ್ಟುಬಿಟ್ಟಿದ್ದೇವೆ. ಈಗ ಸೋಮವಾರ ಬೆಳಿಗ್ಗೆ ಗಾಡಿ ಹೊರಡುವ ಮುಂಚೆ ಹದಿನೈದು ನಿಮಿಷ ನಿಂತುಕೊಂಡೇ ಮಾತು. ಅಂಕಿ ಹುಡುಗರೇ ಹೇಳುತ್ತಾರೆ. ನಾನು ಕೇಳೋದು ಒಂದೇ, "ಯಾವ ಅಂಗಡಿಯಿಂದ?" ಹೆಸರು ಹೇಳೋಕೆ ಬರದಿದ್ದರೆ ಅದು ಅಂಕಿ ಅಲ್ಲ, ಆಸೆ. ಮೊದಮೊದಲು ಕಡಿಮೆ ಹೇಳಿ ತಪ್ಪಿಸಿಕೊಳ್ಳಲು ನೋಡಿದರು. ಕಮಿಷನ್ ವಸೂಲಿ ಮೇಲಿದ್ದಿದ್ದರಿಂದ ಅದು ಎರಡು ತಿಂಗಳಿನಲ್ಲಿ ತಾನೇ ಸರಿಹೋಯಿತು. ಕೆಂಪು ಬಂದವನ ಜೊತೆ ಮಾತು ಈಗ ಅವನ ಲೈನಿನಲ್ಲಿ, ಗಾಡಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತು. ಗೋಡೌನಿನಲ್ಲಿ ಅಲ್ಲ.

ಇನ್ನು ಮೀಸಲು. ಪ್ರತಿ ತಿಂಗಳು ನಾನು ಮನೆಗೆ ಒಯ್ಯುವ ಮುಂಚೆ ಲಾಭದ ಕಾಲು ಭಾಗ ಬೇರೆ ಖಾತೆಗೆ. ಅವ್ವನ ಬಂಗಾರ ಬಿಡಿಸಿದ್ದು ಅದರಿಂದಲೇ, ಹದಿನಾಲ್ಕು ತಿಂಗಳು ಹಿಡಿಯಿತು.

ಮೊನ್ನೆ ಮುಂಡರಗಿಗೆ ಹೋಗುವಾಗ ಡಂಬಳದಲ್ಲಿ ಚಹಾಕ್ಕೆ ಇಳಿದಿದ್ದೆ. ಕಾಕಾನ ಗಾಡಿ ಅಲ್ಲೇ ನಿಂತಿತ್ತು, ಈಗ ಅದೇ ಲೈನಿನಲ್ಲಿ ಬೇರೆ ಕಂಪನಿಯ ಮಾಲು ಹಾಕುತ್ತಾರೆ. ಎರಡು ಚಹಾ ಹೇಳಿದರು. ರೊಕ್ಕ ಕೊಡಲು ಹೋದರೆ ಕೈ ಹಿಡಿದರು.

"ಆ ಡೈರಿ ಐತೇನು ಇನ್ನೂ?"

"ಐತಿ ಕಾಕಾ. ಹೊಸ ಹುಡುಗ ದಿನಾ ನೋಡ್ತಾನ."

"ಹಂಗಾರ ಒಂದು ತಿದ್ದು. ಇಲ್ಲೆ ಗುಡಿ ಹಂತ್ಯಾಕಿನ ಅಂಗಡಿ, ಅಜ್ಜ ತೀರ್ಕೊಂಡ. ಈಗ ಮೊಮ್ಮಗಳು ಕುಂದರ್ತಾಳ. ಹುಡುಗಿ ಲೆಕ್ಕ ಪಕ್ಕಾ ಐತಿ. ಆಕಿಗೆ ಎರಡು ಬಾಕ್ಸ್ ಜಾಸ್ತಿ ಹಾಕಬಹುದು ಅಂತ ಬರಿ."