ಹೊಸದುರ್ಗದ ಹಳೆಯ ಗೋಡೆಗಳು

ಕೋಟೆ ನೋಡಲೆಂದು ಬರುವವರು ಬೇಕಲದಲ್ಲಿ ಕಡಲ ಗಾಳಿ ಸವಿದು ಅಲ್ಲಿಂದಲೇ ಹಿಂದಿರುಗುವುದು ವಾಡಿಕೆ. ನಾವು ಈ ಸಲ ಇನ್ನೂ ತೆಂಕಕ್ಕೆ, ಕಾಞಂಗಾಡಿನ ಹೊಸದುರ್ಗಕ್ಕೆ ಹೋದೆವು. ಪೇಟೆಯ ಮಲಯಾಳಿ ಬಂಧುಗಳು ಈ ಭಾಗವನ್ನು 'ಪುದಿಯಕೋಟ' ಎನ್ನುತ್ತಾರೆ. ಅರ್ಥ ಅದೇ. ಒಂದೇ ಹೆಸರು ಎರಡು ಭಾಷೆಗಳಲ್ಲಿ ಬಾಳುತ್ತಿದೆ.

ಕೋಟೆಯೆಂದರೆ ಈಗ ಮುರಕಲ್ಲಿನ ಗೋಡೆಗಳು, ಗುಂಡಗಿನ ಕೊತ್ತಳಗಳು, ಅವುಗಳ ಸಂದಿಗೊಂದಿಯಲ್ಲಿ ಬೇರೂರಿದ ಗಿಡಗಂಟಿಗಳು. ಪಕ್ಕದಲ್ಲೇ ನಿತ್ಯಾನಂದ ಸ್ವಾಮಿಗಳ ಆಶ್ರಮದ ಗುಹೆಗಳಿವೆ. ಅಲ್ಲಿಗೆ ಬರುವ ಭಕ್ತರಲ್ಲಿ ಕೊತ್ತಳದತ್ತ ಕಣ್ಣು ಹಾಯಿಸುವವರು ವಿರಳ.

ಇದನ್ನು ಕಟ್ಟಿಸಿದವನು ಕೆಳದಿಯ ಸೋಮಶೇಖರ ನಾಯಕನೆಂದು ಪ್ರತೀತಿ. 1730ರ ದಶಕದಲ್ಲಿ ಕೆಳದಿಯ ದಂಡು ಕೋಲತ್ತುನಾಡಿನೊಳಕ್ಕೆ ನುಗ್ಗಿದಾಗ, ತಲಚೇರಿಯ ಇಂಗ್ಲಿಷ್ ವ್ಯಾಪಾರಿಗಳು ಕೋಲತ್ತಿರಿಯ ಪಕ್ಷ ವಹಿಸಿದರು. ಕರಿಮೆಣಸಿನ ಲಾಭ ಯಾರ ಕೈಗೆ ಹೋಗಬೇಕೆಂಬುದೇ ಅವರ ಚಿಂತೆ! ಅಂದು ಈ ಗೋಡೆಗಳಿಗೆ ನಿಜವಾಗಿ ಕೆಲಸವಿತ್ತು. 1799ರಲ್ಲಿ ಟಿಪ್ಪು ಮಡಿದು ಕನ್ನಡ ಜಿಲ್ಲೆ ಕಂಪೆನಿಯ ವಶವಾಯಿತು. ಮಲಬಾರು ಅದಕ್ಕೆ ಮೊದಲೇ ಅವರದಾಗಿತ್ತು. ಎರಡೂ ಕಡೆ ಒಬ್ಬನೇ ಧಣಿಯಾದ ಮೇಲೆ ಗಡಿಯ ಕೋಟೆಗೆ ಕಾವಲೇಕೆ? 1801ರಲ್ಲಿ ಈ ದಾರಿಯಾಗಿ ಬಂದ ಬುಕಾನನ್ ಇಲ್ಲಿಯ ದುಂಡು ಕೊತ್ತಳಗಳನ್ನು ಮೆಚ್ಚಿಕೊಂಡನು. ಆದರೆ ಆ ವೇಳೆಗಾಗಲೇ ಅವು ಕಾಯುವುದಕ್ಕೆ ಏನೂ ಉಳಿದಿರಲಿಲ್ಲ.

ದಂಡು ಚದರಿತು, ಜನ ಉಳಿದರು. ಕೆಳದಿಯ ಕಾಲದಲ್ಲಿ ಕೋಟೆ ಕಾಯಲು ಬಂದು ನೆಲೆಸಿದ ರಾಮಕ್ಷತ್ರಿಯ ಮನೆತನಗಳನ್ನು ಊರವರು ಕೋಟೆಯವರೆಂದೇ ಕರೆದರು. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳ. ಇಂತಹ ಬಾಳುವೆ ಅವರಿಗೆ ಹೊಸತಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ಶಿಫಾರಸು ಮಾಡಿದಾಗ ನಮ್ಮವರೆಲ್ಲ ಹರ್ಷಗೊಂಡರು. ಆ ಶಿಫಾರಸು ಜಾರಿಗೆ ಬರಲಿಲ್ಲವೆಂಬ ನೋವನ್ನು ಈಗಲೂ ಆಡಿಕೊಳ್ಳುತ್ತೇವೆ. ಆದರೆ ಅದು ಜಾರಿಯಾಗಿದ್ದರೂ ಹೊಳೆಯ ತೆಂಕಣ ದಡದಾಚೆಯ ಹೊಸದುರ್ಗ ಹೊರಗೇ ಉಳಿಯುತ್ತಿತ್ತು. ಕನ್ನಡದ ಹೆಸರು ಹೊತ್ತ ಕೋಟೆ, ಕನ್ನಡಿಗರ ಬೇಡಿಕೆಯ ಗೆರೆಗೂ ಹೊರಗೆ! ಸಭೆಗಳಲ್ಲಿ ಈ ಮಾತನ್ನು ಯಾರೂ ಎತ್ತಿದ್ದನ್ನು ನಾವು ಕೇಳಿಲ್ಲ.

ಕೋಟೆಯವರ ಮನೆಗಳಲ್ಲಿ ಹಳೆಯ ಕಡತಗಳಿದ್ದರೆ, ಅಜ್ಜಿಯಂದಿರ ನೆನಪಿನಲ್ಲಿ ಹಳೆಯ ಮಾತುಗಳಿದ್ದರೆ, ಬಂಧುಗಳು ದಯವಿಟ್ಟು ಬರೆದು ಕಳುಹಿಸಬೇಕು. ಮುರಕಲ್ಲು ಇನ್ನೂ ಕೆಲವು ಮಳೆಗಾಲ ತಾಳೀತು. ಅಜ್ಜಿಯಂದಿರ ವಿಷಯದಲ್ಲಿ ಅವಸರವಿದೆ.