ಈ ಮಕ್ಕಳು ಯಾರ ಮಕ್ಕಳು?

ನಮ್ಮ ಊರುಗಳಲ್ಲಿ ಸೇವಾ ಸಂಸ್ಥೆಗಳಿಗೆ ಬರವಿಲ್ಲ. ಜೂನ್ ಬಂತೆಂದರೆ ಸರ್ಕಾರಿ ಶಾಲೆಯ ಅಂಗಳದಲ್ಲಿ ಶಾಮಿಯಾನ ಏಳುತ್ತದೆ. ನೋಟ್‌ಬುಕ್ಕು, ಬ್ಯಾಗು, ನೀರಿನ ಫಿಲ್ಟರು. ಅದರ ಹಿಂದೆ ಹಾರ, ಭಾಷಣ, ಫೋಟೊ. ಇದು ಬೇಡವೆಂದು ನಾನು ಹೇಳುತ್ತಿಲ್ಲ. ಬಡವರ ಮಗುವಿಗೆ ಪುಸ್ತಕ ಬೇಕೇ ಬೇಕು. ಆದರೆ ಆ ಪುಸ್ತಕ ಹಿಡಿದ ಮಗು ತರಗತಿಯಲ್ಲಿ ಹೆದರಿಕೆಯಿಲ್ಲದೆ ಕೂರಬಲ್ಲದೇ ಎಂದು ಯಾರಾದರೂ ಕೇಳಿದ್ದಾರೆಯೇ? ನಡಿಗೆ ನೋಡಿ 'ಹೆಣ್ಣಿಗ' ಎಂದು ಕರೆಸಿಕೊಳ್ಳುವ ಹುಡುಗ, 'ಗಂಡುಬೀರಿ' ಎನಿಸಿಕೊಳ್ಳುವ ಹುಡುಗಿ, ಗೆಳತಿಯ ಮೇಲೆ ತನಗಿರುವುದು ಬರಿಯ ಸ್ನೇಹವಲ್ಲವೆಂದು ತಿಳಿದು ಬಾಯಿ ಕಟ್ಟಿಕೊಂಡ ಮಗಳು, ಶೌಚಾಲಯಕ್ಕೆ ಹೋಗಲು ಹೆದರಿ ದಿನವಿಡೀ ನೀರು ಕುಡಿಯದ ಮಗು – ಇವರ ಪಾಲಿಗೆ ಯಾವ ಫಿಲ್ಟರು ಬಂದರೇನು?

ಕಳೆದ ವರ್ಷ ನಾವು ಕೆಲವು ಮಹಿಳೆಯರು ನಮ್ಮೂರಿನ ಸೇವಾ ಸಂಸ್ಥೆಯೊಂದರ ಮುಂದೆ ಸಣ್ಣ ಬೇಡಿಕೆಯೊಂದನ್ನು ಇಟ್ಟೆವು. ತಾಲ್ಲೂಕಿನ ಪ್ರೌಢಶಾಲೆಗಳಿಗೆ ತಿಂಗಳಿಗೊಮ್ಮೆ ತರಬೇತಾದ ಆಪ್ತಸಲಹೆಗಾರರೊಬ್ಬರನ್ನು ಕಳಿಸಿ. ಲೈಂಗಿಕ ಅಲ್ಪಸಂಖ್ಯಾತರನ್ನೇ ಕರೆಸಿ ಶಿಕ್ಷಕರೊಂದಿಗೆ ಮಾತಾಡಿಸಿ ಎಂದೆವು. ಸಿಕ್ಕ ಉತ್ತರಗಳು ಮೂರು. 'ಇವೆಲ್ಲ ಬೆಂಗಳೂರಿನವರ ಶೋಕಿ, ನಮ್ಮಲ್ಲಿ ಅಂಥ ಮಕ್ಕಳಿಲ್ಲ.' 'ಹೇಳಿಕೊಟ್ಟರೆ ಇಲ್ಲದವರೂ ಕಲಿತಾರು.' 'ಅದು ಅವರವರ ಮನೆಯ ವಿಷಯ.'

ಮೊದಲನೆಯದು ಶುದ್ಧ ಸುಳ್ಳು. 2021ರಲ್ಲಿ ಪದ್ಮಶ್ರೀ ಪಡೆದ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಮಂಜಮ್ಮ ಜೋಗತಿ ಬೆಂಗಳೂರಿನವರಲ್ಲ, ಬಳ್ಳಾರಿ ಸೀಮೆಯವರು. ಗಂಡುಮಗುವಾಗಿ ಬೆಳೆಸಲ್ಪಟ್ಟು, ಹರೆಯದಲ್ಲೇ ತಾನು ಹೆಣ್ಣೆಂದು ತಿಳಿದು, ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡು, ಮನೆಯ ಆಸರೆ ತಪ್ಪಿ ಸಾಯಲು ಹೊರಟವರು ಅವರು. ಯಲ್ಲಮ್ಮನ ಗುಡ್ಡದ ಜೋಗಪ್ಪಗಳನ್ನು ಕಾಣದ ಉತ್ತರ ಕರ್ನಾಟಕದ ಹೆಂಗಸು ಯಾರಿದ್ದಾಳೆ? ಅವರೂ ಒಂದು ಕಾಲದಲ್ಲಿ ಮಕ್ಕಳೇ ಆಗಿದ್ದರಲ್ಲವೇ? ಯಾವುದೋ ಶಾಲೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿಗೂ ಅಡ್ಡಗೆರೆ ಬಿದ್ದಿತ್ತಲ್ಲವೇ?

ಎರಡನೆಯದು ಮೂಢತನ. ಹೇಳಿಕೊಡುವುದರಿಂದ ಮನಸ್ಸಿನ ಒಲವು ಬರುವುದಾದರೆ ನಮ್ಮ ಮನೆ, ಶಾಲೆ, ಸಿನಿಮಾಗಳೆಲ್ಲ ಹುಟ್ಟಿದಂದಿನಿಂದ ಗಂಡು–ಹೆಣ್ಣಿನ ಮದುವೆಯನ್ನೇ ಹೇಳಿಕೊಡುತ್ತಿವೆ. ಆದರೂ ಈ ಮಕ್ಕಳು ಹುಟ್ಟುತ್ತಲೇ ಇದ್ದಾರೆ. ಮಕ್ಕಳು ನಿಜವಾಗಿ ಕಲಿಯುತ್ತಿರುವುದು ಹಿಂಸೆಯನ್ನು. ತಮಿಳುನಾಡಿನಲ್ಲಿ ಇಂಥ ಯುವಜನರನ್ನು ಮಾತಾಡಿಸಿ ಯುನೆಸ್ಕೊ 2019ರಲ್ಲಿ ವರದಿಯೊಂದನ್ನು ಹೊರತಂದಿತು. ಮಾಧ್ಯಮಿಕ, ಪ್ರೌಢಶಾಲೆಗಳಲ್ಲಿ ತಾವು ದೈಹಿಕ ಹಿಂಸೆ ಅನುಭವಿಸಿದೆವೆಂದು ಹೇಳಿದವರು ಶೇಕಡ 60. ಮೂವರಲ್ಲಿ ಒಬ್ಬರು ಓದು ಬಿಡಲು ಈ ಕಿರುಕುಳವೂ ಕಾರಣವಾಗಿತ್ತು.

ಮೂರನೆಯ ಉತ್ತರ ನಮಗೆ ಚೆನ್ನಾಗಿ ಗೊತ್ತಿರುವುದೇ. 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಎಂದು ನಮ್ಮ ಬಾಯಿ ಮುಚ್ಚಿಸಿದವರು ಇವರೇ ತಾನೆ? ಸುಟ್ಟು ಸತ್ತ ಸೊಸೆಯರನ್ನು ಪೊಲೀಸರು 'ಸ್ಟವ್ ಸಿಡಿತ' ಎಂದು ಬರೆದು ಕಡತ ಮುಚ್ಚುತ್ತಿದ್ದಾಗ, 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾದ ಮಹಿಳೆಯರು ಆ ಸಾವುಗಳ ಹಿಂದಿನ ಸತ್ಯವನ್ನು ಕೆದಕಿ ತೆಗೆದರು. ಮನೆಯ ವಿಷಯ ಎಂಬ ಮಾತನ್ನು ಅಂದು ಒಪ್ಪದವರು ಇಂದು ಹೇಗೆ ಒಪ್ಪೋಣ?

'ವರದಕ್ಷಿಣೆಯ ಹೊರೆಯೇ ನಮಗೆ ಸಾಕಾಗಿದೆ, ಇದೊಂದು ಬೇರೆ ಯಾಕೆ?' ಎಂದು ಸಂಘದ ಕೆಲವು ಸೋದರಿಯರು ಕೇಳುತ್ತಾರೆ. ಸೋದರಿಯರೇ, ಇದು ಬೇರೆ ಹೊರೆಯಲ್ಲ, ಅದೇ ಹೊರೆ. ಹದಿನೈದರಲ್ಲಿ ತನ್ನ ಮನಸ್ಸನ್ನು ಯಾರಿಗೂ ಹೇಳಲಾಗದೆ ನುಂಗಿಕೊಂಡ ಹುಡುಗನಿಗೆ ಇಪ್ಪತ್ತೆಂಟರಲ್ಲಿ ಏನು ಮಾಡುತ್ತಾರೆ? 'ಮದುವೆ ಮಾಡಿದರೆ ಸರಿಹೋಗುತ್ತಾನೆ' ಎಂದು ಹೆಣ್ಣು ಹುಡುಕುತ್ತಾರೆ. ಚಿನ್ನ, ಬೈಕು, ನಗದು ಎಣಿಸಿಕೊಳ್ಳುತ್ತಾರೆ. ಬಂದ ಸೊಸೆಗೆ ಯಾರೂ ಏನೂ ಹೇಳುವುದಿಲ್ಲ. ಎರಡು ವರ್ಷ ಕಳೆದ ಮೇಲೆ 'ಬಂಜೆ' ಎಂಬ ಬಿರುದು ಬರುವುದು ಅವಳಿಗೇ, ತವರಿಗೆ ಅಟ್ಟಿಸಿಕೊಳ್ಳುವವಳೂ ಅವಳೇ. ಒಂದು ಸುಳ್ಳಿಗೆ ಎರಡು ಜೀವ ಬಲಿ. ಆ ಸುಳ್ಳಿಗೆ ಬೆಲೆ ಕಟ್ಟಿ ವಸೂಲು ಮಾಡುವುದೇ ವರದಕ್ಷಿಣೆ.

ಇನ್ನು ಹೆಣ್ಣನ್ನು ಪ್ರೀತಿಸುವ ಹೆಣ್ಣಿನ ಪಾಡು? ಅವಳನ್ನು ಹೊಡೆಯುವವನು ಗಂಡನಲ್ಲ, ತಂದೆ, ಅಣ್ಣ. ಕೋಣೆಯಲ್ಲಿ ಕೂಡಿಹಾಕುವವಳು ಹೆತ್ತ ತಾಯಿ. ಒತ್ತಾಯದ ಮದುವೆಯೇ ಅವಳಿಗೆ ಶಿಕ್ಷೆ. ನೆನಪಿಡಿ: 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೆಂಡತಿಗಷ್ಟೇ ಮೀಸಲಲ್ಲ. ರಕ್ತಸಂಬಂಧದಲ್ಲಿ ಒಂದೇ ಸೂರಿನಡಿ ಬಾಳುವ ಯಾವ ಹೆಣ್ಣಿಗೂ, ಮಗಳಿಗೂ, ಅದು ರಕ್ಷಣೆ ಕೊಡುತ್ತದೆ. ನಮ್ಮ ಕೈಯಲ್ಲೇ ಇರುವ ಆಯುಧವನ್ನು ಇಂಥ ಮಗಳಿಗಾಗಿ ನಾವು ಬಳಸಬೇಕು.

ಕಾನೂನು ಹೆಜ್ಜೆ ಮುಂದಿಟ್ಟಿದೆ, ಸಮಾಜ ಹಿಂದೆಳೆಯುತ್ತಿದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕನ್ನು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 6ರಂದು ಸಲಿಂಗ ಪ್ರೇಮ ಅಪರಾಧವಲ್ಲವೆಂದಿತು. ಮನೆಯವರಿಗೆ ಹೆದರಿ ಮದುರೆಯಿಂದ ಚೆನ್ನೈಗೆ ಓಡಿಬಂದ ಇಬ್ಬರು ಯುವತಿಯರ ಮೊರೆ ಕೇಳಿದ ಮದ್ರಾಸ್ ಹೈಕೋರ್ಟು 2021ರ ಜೂನ್ 7ರಂದು, ಶಾಲೆಯ ಪೋಷಕರ ಸಭೆಗಳಲ್ಲೇ ತಂದೆತಾಯಂದಿರಿಗೆ ಈ ಬಗ್ಗೆ ತಿಳಿವಳಿಕೆ ಕೊಡಬೇಕೆಂದು ಹೇಳಿತು. ಅದೇ ವರ್ಷದ ಕೊನೆಗೆ ಆದದ್ದೇನು? ಶಾಲೆಗಳಲ್ಲಿ ಇಂಥ ಮಕ್ಕಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ಶಿಕ್ಷಕರಿಗಾಗಿ ಎನ್‌ಸಿಇಆರ್‌ಟಿ ಸಿದ್ಧಪಡಿಸಿದ ಕೈಪಿಡಿಗೆ ಮಕ್ಕಳ ಹಕ್ಕುಗಳ ರಕ್ಷಣಾ ರಾಷ್ಟ್ರೀಯ ಆಯೋಗವೇ ಆಕ್ಷೇಪಣೆ ಎತ್ತಿತು. ಕೆಲವೇ ದಿನಗಳಲ್ಲಿ ಕೈಪಿಡಿ ಕಣ್ಮರೆಯಾಯಿತು. ಮಕ್ಕಳ ಹಕ್ಕು ಕಾಯಬೇಕಾದವರು ಕಾದದ್ದು ಯಾರನ್ನು?

ದೊಡ್ಡವರು ಹಿಂಜರಿದಲ್ಲಿ ಮಕ್ಕಳೇ ಮುಂದೆ ಬಂದದ್ದೂ ಉಂಟು. ದೆಹಲಿಯ ವಸಂತ ವಿಹಾರದ ಟ್ಯಾಗೋರ್ ಇಂಟರ್‌ನ್ಯಾಷನಲ್ ಶಾಲೆಯ ವಿದ್ಯಾರ್ಥಿಗಳು 2013ರಲ್ಲಿ 'ಬ್ರೇಕಿಂಗ್ ಬ್ಯಾರಿಯರ್ಸ್' ಎಂಬ ಆಂದೋಲನ ಆರಂಭಿಸಿ, ಸಹಪಾಠಿಗಳಿಗೂ ಬೇರೆ ಶಾಲೆಗಳಿಗೂ ಈ ವಿಷಯ ಮುಟ್ಟಿಸಿದರು. ಅದು ಉಳ್ಳವರ ಶಾಲೆ, ನಿಜ. ಆದರೆ ಇದಕ್ಕೆ ಬೇಕಾದದ್ದು ಹಣವಲ್ಲ. ಮರ್ಯಾದೆಯಿಂದ ಮಾತಾಡುವ ನಾಲಗೆ, ಕೇಳಿಸಿಕೊಳ್ಳುವ ಕಿವಿ. ಅವೆರಡೂ ನಮ್ಮ ಹಳ್ಳಿಗಳಲ್ಲಿ ಇಲ್ಲವೇ?

ಹಾಗಾದರೆ ನಾವು ಮಾಡಬೇಕಾದ್ದೇನು? ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು. ಅಂದರೆ ಎಸ್‌ಡಿಎಂಸಿಯಲ್ಲಿ ನೀವೇ ಇದ್ದೀರಿ. ಸಹಿ ಹಾಕಿ ಎದ್ದು ಬರಬೇಡಿ. ಅದೇ ಕಾಯ್ದೆಯ 17ನೇ ಕಲಂ ಮಗುವಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅಡ್ಡಹೆಸರಿಟ್ಟು ನಗಿಸುವ ಮೇಷ್ಟ್ರನ್ನು ಸಭೆಯಲ್ಲೇ ಪ್ರಶ್ನಿಸಿ. ಬಾಗಿಲು, ಚಿಲಕವಿರುವ, ಯಾವ ಮಗುವೂ ಒಂಟಿಯಾಗಿ ಬಳಸಬಹುದಾದ ಒಂದು ಶೌಚಾಲಯ ಕೇಳಿ. ಮಕ್ಕಳ ಸಹಾಯವಾಣಿ 1098 ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಬ್ಯಾಗು ಹಂಚಲು ಬರುವ ಸೇವಾ ಸಂಸ್ಥೆಯವರನ್ನು ಕೈಮುಗಿದು ಕೂರಿಸಿ, ಆಪ್ತಸಲಹೆಗಾರರನ್ನು ಯಾವಾಗ ಕಳಿಸುತ್ತೀರಿ ಎಂದು ಕೇಳಿ. ಒಮ್ಮೆ ಅಲ್ಲ, ಪ್ರತಿ ವರ್ಷ ಕೇಳಿ.

ಎಲ್ಲಕ್ಕಿಂತ ಮೊದಲು, ನಿಮ್ಮ ಸಂಘದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ಮಾತು ಎತ್ತಿ. ತನ್ನ ಮಗುವಿನ ಬಗ್ಗೆ ಯಾರಿಗೂ ಹೇಳಿಕೊಳ್ಳಲಾಗದೆ ಒಳಗೇ ಬೇಯುತ್ತಿರುವ ತಾಯಿಯೊಬ್ಬಳು ಆ ಚಾಪೆಯ ಮೇಲೆ ನಿಮ್ಮ ಪಕ್ಕದಲ್ಲೇ ಕೂತಿರಬಹುದು. ಅವಳ ಮಗುವನ್ನು ಮದುವೆಯೆಂಬ ಸುಳ್ಳಿಗೆ, ಇನ್ನೊಬ್ಬಳ ಮಗಳನ್ನು ಆ ಸುಳ್ಳಿನ ಸೂರಿಗೆ ದೂಡದಂತೆ ತಡೆಯುವುದು ನಮ್ಮ ಹೋರಾಟದ ಕೆಲಸವೇ. ಈ ಮಕ್ಕಳು ನಮ್ಮವರು.